ಅತ್ತೆಯ ಕೈ ಹಿಡಿದು ನಿಲ್ಲಿಸಬೇಡಿ

ಹಿರಿಯೂರಿನ ಓದುಗರೊಬ್ಬರ ಪತ್ರ: ‘ನಾಲ್ಕು ವರ್ಷದ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮಷಿನ್ ಹಾಕಿಸಿದ್ದೇವೆ. ಮಾತು ಕಲಿಸುವವರು, ಕೈ ಆಡಿಸಿದರೆ ನೋಡದ ಹಾಗಿರಿ, ಬಾಯಲ್ಲಿ ಕೇಳುವ ತನಕ ನೀರೂ ಕೊಡಬೇಡಿ ಅನ್ನುತ್ತಾರೆ. ನಮ್ಮತ್ತೆ ದಿನವಿಡೀ ಮೊಮ್ಮಗಳ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತಾರೆ. ತಡೆಯಲೇ?’

ಸಂಪಾದಕರ ಉತ್ತರ: ತಡೆಯಬೇಡಿ ತಾಯಿ. ನೀರಂತೂ ಮಗು ಕೈ ತೋರಿಸಿದ ಕೂಡಲೇ ಕೊಡಿ.

ನಿಮಗೆ ಸಿಕ್ಕ ಸಲಹೆ ಬಹಳ ಹಳೆಯದು. ಆದರೆ 18ನೇ ಶತಮಾನದಲ್ಲೇ ಪ್ಯಾರಿಸ್ಸಿನ ಪಾದ್ರಿ ಎಪೆ ಕಿವುಡ ಮಕ್ಕಳಿಂದಲೇ ಸನ್ನೆ ಕಲಿತು, ಸನ್ನೆಯಲ್ಲೇ ಪಾಠ ಹೇಳಿದರು. ಆ ಶಾಲೆಯಿಂದ ಬಂದ ಕಿವುಡ ಮೇಷ್ಟ್ರು ಲೊರಾನ್ ಕ್ಲೆರ್ 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಶಾಲೆ ಕಟ್ಟಲು ಜೊತೆಯಾದರು. ಆಮೇಲೆ 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸಮ್ಮೇಳನ. 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಬಾಯಿಮಾತೇ ಮೇಲು, ಸನ್ನೆ ಬೇಡ ಎಂದು ಬಹುಮತದಿಂದ ತೀರ್ಮಾನ ಮಾಡಿಬಿಟ್ಟರು. ಎಷ್ಟೋ ಕಿವುಡ ಮೇಷ್ಟ್ರುಗಳ ಕೆಲಸ ಹೋಯಿತು. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಕೂಡ ಬಾಯಿಮಾತಿನ ಪಕ್ಷವೇ. ಅವರ ತಾಯಿಯೂ ಹೆಂಡತಿಯೂ ಕಿವುಡರು, ಹಾಗಾಗಿ ಅವರ ಕಾಳಜಿ ಸುಳ್ಳೆಂದು ನಾನು ಹೇಳಲಾರೆ. ತಪ್ಪಾದದ್ದು ನಿಷೇಧದಲ್ಲಿ.

ಆ ನಿಷೇಧ ನಮ್ಮ ಮನೆಗೂ ಬಂದಿತ್ತು. ಚಿಕ್ಕಪ್ಪನ ಮಗನಿಗೂ ಕಿವಿ ಕೇಳಿಸದು. ಅವನು ಓದಿದ ಶಾಲೆಯಲ್ಲಿ ತೊಡೆ ಕೆಳಗೆ ಕೈ ಇಟ್ಟುಕೊಂಡೇ ಕೂರಬೇಕಿತ್ತು. ಮೇಡಂ ಅವನ ಬೆರಳನ್ನು ತಮ್ಮ ಮೂಗಿನ ಮೇಲಿಟ್ಟು ‘ಮ’ ಅನ್ನುತ್ತಿದ್ದರು, ಮೂಗು ಅದುರುತ್ತಿತ್ತು. ‘ಬ’ ಅಂದರೆ ಅದುರದು. ಹೀಗೆ ಹೇಳುವುದನ್ನು ಕಲಿಯಬಹುದು, ಅವನೂ ಒಂದಿಷ್ಟು ಕಲಿತ. ಆದರೆ ಎದುರಿಗಿದ್ದವರು ಮಾತಾಡುವಾಗ ಯಾರ ಮೂಗು ಮುಟ್ಟಲಿ? ಕನ್ನಡಿ ಮುಂದೆ ನಿಂತು ದನಿ ತೆಗೆಯದೆ ಮರ, ಬರ, ಪರ ಎಂದು ನೋಡಿ. ತುಟಿಯ ಮೇಲೆ ಮೂರೂ ಒಂದೇ. ನಮ್ಮ ದುರ್ಗದ ಸೀಮೆಯಲ್ಲಿ ಮರಕ್ಕೂ ಬರಕ್ಕೂ ಎಷ್ಟು ವ್ಯತ್ಯಾಸ! ಗಂಟೆ ಹೊಡೆದ ಮೇಲೆ ಶಾಲೆಯ ಹಿಂದಿನ ಹುಣಸೆಮರದಡಿ ಆ ಮಕ್ಕಳ ಕೈಗಳು ಬಿಡುಗಡೆಯಾಗುತ್ತಿದ್ದವು. ಅವನು ಹೇಳುವ ಪ್ರಕಾರ, ಭಾಷೆ ಕಲಿತದ್ದು ಅಲ್ಲೇ.

ಅದು ಬರೀ ಕೈ ಆಡಿಸುವುದಲ್ಲ, ತನ್ನದೇ ವ್ಯಾಕರಣವಿರುವ ಭಾಷೆ ಎಂದು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ 1960ರಲ್ಲೇ ತೋರಿಸಿಕೊಟ್ಟರು. 2010ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಅದೇ ಸಮ್ಮೇಳನ ಮಿಲಾನಿನ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಹೇಳಿತು, 130 ವರ್ಷದ ಮೇಲೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷಾ ಕೇಂದ್ರ 10,000 ಪದಗಳ ವಿಡಿಯೋ ನಿಘಂಟು ತಂದಿದೆ. ಅತ್ತೆಯ ಮನೆಸನ್ನೆಗಳ ಜೊತೆ ದಿನಕ್ಕೆರಡು ಪದ ಅದರಿಂದ ಸೇರಿಸಿಕೊಳ್ಳಿ.

ಮಷಿನ್ ತೆಗೆಯಬೇಡಿ, ಮಾತಿನ ತರಬೇತಿಯನ್ನೂ ಬಿಡಬೇಡಿ. ಸನ್ನೆ ಕಲಿತರೆ ಬಾಯಿ ಕಟ್ಟಿಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಮಾತು ಬರಲಿ ಎಂದು ಕಾಯುತ್ತಾ ಯಾವ ಭಾಷೆಯೂ ಇಲ್ಲದೆ ಎಳೆಯ ವರ್ಷಗಳು ಕಳೆದರೆ ಅವು ಮರಳಿ ಸಿಗುವುದಿಲ್ಲ. ನನ್ನ ಭಯ ಅದೊಂದೇ.

ಚಿಕ್ಕಪ್ಪನ ಮಗ, ನನ್ನ ಆ ತಮ್ಮ, ಈಗ ದಾವಣಗೆರೆಯಲ್ಲಿ ಟೈಲರ್. ಹೊಲಿಗೆ ಮಷಿನ್ನಿಗೆ ಫೋನ್ ಒರಗಿಸಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡು, ವಿಡಿಯೋ ಕಾಲಿನಲ್ಲಿ ಗೆಳೆಯರ ಜೊತೆ ಹರಟುತ್ತಾನೆ. ನಿಮ್ಮ ಪತ್ರ ತೋರಿಸಿದೆ. ‘ಹುಡುಗಿಗೆ ಕೈಯಲ್ಲೇ ಕರೆಯುವ ಸನ್ನೆ ಹೆಸರು ಇಟ್ಟಿದ್ದಾರಾ?’ ಎಂದು ಕೇಳಿದ. ಭಾನುವಾರ ಅವನಿಗೆ ರಜೆ. ಬರುವುದಾದರೆ ಕಚೇರಿಗೆ ಒಂದು ಕಾರ್ಡು ಹಾಕಿ. ಅತ್ತೆಯವರನ್ನೂ ಕರೆತನ್ನಿ.