ತೂಕ ಇಳಿಸಲು ಡಯಟ್ಟೋ, ಶಸ್ತ್ರಚಿಕಿತ್ಸೆಯೋ? ಎರಡನ್ನೂ ಮಾಡಿದವಳ ಉತ್ತರ

ವಯಸ್ಸು 36, ಎತ್ತರ 165 ಸೆಂ.ಮೀ., ತೂಕ 108 ಕಿಲೋ, ಐದು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಮೂರು ಸಲ ಡಯಟ್ ಮಾಡಿ ಮೂರು ಸಲವೂ ಸೋಲು. ಈಗ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಅಡ್ಡದಾರಿ ಹಿಡಿದಂತೆ ಆಗುವುದಿಲ್ಲವೇ, ಎರಡರಲ್ಲಿ ಯಾವುದು ಶಾಶ್ವತ ಎಂದು ಕುಶಾಲನಗರದಿಂದ ಕೇಳಿದ್ದೀರಿ. ಸಕ್ಕರೆ ಕಾಯಿಲೆಯೊಂದನ್ನು ಬಿಟ್ಟರೆ ಇದು 2016ರ ನನ್ನದೇ ಪ್ರಶ್ನೆ.

ನಾನು ಸುಂಟಿಕೊಪ್ಪದ ಸಮೀಪದವಳು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅನ್ನ ಬಿಟ್ಟು ಚಪಾತಿ ಹಿಡಿದದ್ದು 2009ರಲ್ಲಿ. ಐದು ತಿಂಗಳಲ್ಲಿ 14 ಕಿಲೋ ಇಳಿದೆ, ಮುಂದಿನ ಒಂದು ವರ್ಷದಲ್ಲಿ 17 ಕಿಲೋ ಏರಿದೆ. 2013ರಲ್ಲಿ ಊಟದ ಬದಲು ಡಬ್ಬದ ಪುಡಿಯನ್ನು ನೀರಿಗೆ ಕಲಸಿ ಕುಡಿದೆ. ಅದರಲ್ಲಿಯೂ ಲೆಕ್ಕ ಹಾಗೆಯೇ ಆಯಿತು. 2015ರಲ್ಲಿ ದಿನಕ್ಕೊಂದೇ ಊಟ. ಆ ವರ್ಷದ ಹುತ್ತರಿಯ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ಕತ್ತಲೆಯಲ್ಲಿ ನಿಂತು ತಂಬಿಟ್ಟಿನ ಪಾತ್ರೆಯ ತಳವನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದೆ. ನೀರು ಕುಡಿಯಲು ಎದ್ದು ಬಂದ ಮಗಳು ದೀಪ ಹಾಕಿದಳು, ನನ್ನನ್ನು ನೋಡಿದಳು, ನೀರನ್ನೂ ಕುಡಿಯದೆ ದೀಪ ಆರಿಸಿ ಹೋದಳು. ಆಗ ಅವಳಿಗೆ ಒಂಬತ್ತು ವರ್ಷ. ಮನಸ್ಸು ಗಟ್ಟಿಯಿಲ್ಲದವಳು ಎಂದು ನನ್ನನ್ನು ನಾನೇ ಎಷ್ಟೋ ವರ್ಷ ಬೈದುಕೊಂಡಿದ್ದೇನೆ. ಆ ರಾತ್ರಿ ಬೈದುಕೊಂಡಷ್ಟು ಎಂದೂ ಇಲ್ಲ.

ಆ ಬೈಗುಳ ಅನ್ಯಾಯದ್ದೆಂದು ನನಗೆ ತಿಳಿದದ್ದು ತಡವಾಗಿ. ತೂಕ ಇಳಿದಾಗ ದೇಹವು ಅದನ್ನು ಬರಗಾಲವೆಂದು ತಿಳಿಯುತ್ತದೆ. ಹಸಿವನ್ನು ಹುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಸಾಕು ಎನ್ನಿಸುವ ಲೆಪ್ಟಿನ್ ಇಳಿಯುತ್ತದೆ, ಕುಳಿತಲ್ಲೇ ಖರ್ಚಾಗುವ ಶಕ್ತಿಯೂ ಕುಗ್ಗುತ್ತದೆ. ತೂಕ ಇಳಿಸಿ ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳುವುದಿಲ್ಲವೆಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಆದ್ದರಿಂದ ನೀವು ಮೂರು ಸಲ ಸೋತಿರಿ ಎನ್ನುವುದನ್ನೇ ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಹಸಿದ ದೇಹದೊಡನೆ ಬರಿಗೈಯಲ್ಲಿ ಕುಸ್ತಿಗೆ ಇಳಿದಿರಿ, ಅಷ್ಟೆ.

ನನ್ನ ಎತ್ತರ 156 ಸೆಂ.ಮೀ.; 2017ರ ಏಪ್ರಿಲ್‌ನಲ್ಲಿ, ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ, ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಗೆ ಮಲಗಿದ ದಿನ ತೂಕ 104 ಕಿಲೋ. ಅದಕ್ಕೂ ಮೊದಲು ಎರಡು ವಾರ ಬರಿಯ ದ್ರವಾಹಾರ ಕೊಟ್ಟು ಯಕೃತ್ತಿನ ಕೊಬ್ಬನ್ನು ಕರಗಿಸಿಕೊಂಡರು. ನನಗೆ ಮಾಡಿದ್ದು ಸ್ಲೀವ್ ಎಂಬ ವಿಧಾನ: ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ, ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಾಗಿ ಹೊಲಿಯುತ್ತಾರೆ. ಘ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೇ ಕತ್ತರಿಸಿ ಹೋಗುವುದರಿಂದ ಹೊಟ್ಟೆ ಚಿಕ್ಕದಾಗುವುದರ ಜೊತೆಗೆ ಹಸಿವಿನ ಗದ್ದಲವೂ ತಗ್ಗುತ್ತದೆ. ಆ ಮೌನವನ್ನು ವರ್ಣಿಸಲು ನನಗೆ ಬರುವುದಿಲ್ಲ. ಅಂದಿನವರೆಗೆ ಊಟ ಮುಗಿಸಿ ಕೈ ತೊಳೆಯುತ್ತಲೇ ಮುಂದಿನ ಊಟದ ಯೋಚನೆ ಬರುತ್ತಿತ್ತು, ಆಮೇಲೆ ಬರಲಿಲ್ಲ. ಆ ವರ್ಷ ಕೈಲ್ ಪೊಳ್ದ್ ಹಬ್ಬಕ್ಕೆ ಪಂದಿಕರಿಯೊಂದಿಗೆ ಅರ್ಧ ಕಡುಬು ತಿಂದು ಎದ್ದೆ. ‘ದುಡ್ಡು ಕೊಟ್ಟು ಹೊಟ್ಟೆ ಕೊಯ್ಸಿಕೊಂಡವಳಿಗೆ ಅರ್ಧ ಕಡುಬು ಸಾಕಂತೆ’ ಎಂದು ನಮ್ಮ ಅತ್ತೆ ನೆಂಟರ ಮುಂದೆ ನಕ್ಕರು. ನಾನೂ ನಕ್ಕೆ. ಹದಿನೈದು ತಿಂಗಳಲ್ಲಿ 66 ಕಿಲೋಗೆ ಬಂದೆ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ವಿವರವಾಗಿ ಬರೆಯುತ್ತೇನೆ. ಬೇಸರವಾದರೂ ದಯವಿಟ್ಟು ಓದಿ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಒಂದು ಹಾಳೆಯಲ್ಲಿ ಜೀವನಪೂರ್ತಿ ತೆಗೆದುಕೊಳ್ಳಬೇಕಾದ ಮಾತ್ರೆಗಳನ್ನು ಬರೆದುಕೊಟ್ಟಿದ್ದರು: ಮಲ್ಟಿವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12. ಮೊದಲ ವರ್ಷ ನಾನು ಒಂದು ದಿನವೂ ತಪ್ಪಿಸಲಿಲ್ಲ. ಒಂದು, ಮೂರು, ಆರು, ಹನ್ನೆರಡನೆಯ ತಿಂಗಳ ತಪಾಸಣೆಗಳಿಗೂ ಹೋಗಿ ಬಂದೆ. ಮುಂದಿನದು 2018ರ ಆಗಸ್ಟ್ ಮೂರನೆಯ ವಾರಕ್ಕೆ ಗೊತ್ತಾಗಿತ್ತು. ಆ ವಾರ ಕೊಡಗಿನಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು, ನಿಮ್ಮ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿತು, ನಮ್ಮ ಶಾಲೆಯ ಕೊಠಡಿಗಳಲ್ಲಿ ಮನೆ ಕಳೆದುಕೊಂಡವರು ಚಾಪೆ ಹಾಸಿಕೊಂಡರು. ತಪಾಸಣೆ ತಪ್ಪಿತು. ಅದೇ ತಿಂಗಳು ಮಾತ್ರೆಗಳೂ ಮುಗಿದವು.

ಮಳೆಯ ಮೇಲೆ ಹಾಕಿಬಿಡಬಹುದು. ಬಹಳ ದಿನ ಹಾಗೆಯೇ ಹೇಳಿಕೊಂಡು ತಿರುಗಿದೆ. ಆದರೆ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಬಸ್ಸುಗಳು ಓಡುತ್ತಿದ್ದವು, ನಾನು ಹತ್ತಲಿಲ್ಲ. ತೂಕ ಇಳಿದಿತ್ತು, ಮೊಣಕಾಲು ನೋವು ಹೋಗಿತ್ತು, ಹೊಸ ರವಿಕೆಗಳನ್ನು ಹೊಲಿಸಿಕೊಂಡಿದ್ದೆ. ಕಾಯಿಲೆಯೇ ಇಲ್ಲದವಳು ವೈದ್ಯರ ಬಳಿ ಹೋಗಿ ಕುಳಿತುಕೊಳ್ಳುವುದೇಕೆ ಎಂದುಕೊಂಡೆ. ಔಷಧಿ ಅಂಗಡಿಯಲ್ಲಿ ‘ಒಂದು ಶಕ್ತಿ ಮಾತ್ರೆ ಕೊಡಿ’ ಎಂದು ಕೇಳಿ, ಅವರು ಕೊಟ್ಟ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನುಂಗತೊಡಗಿದೆ. ಐದು ಬಗೆಯ ಮಾತ್ರೆಗಳ ಜಾಗಕ್ಕೆ ಒಂದೇ ಮಾತ್ರೆ ಬಂದಿತಲ್ಲ, ಜಾಣತನ ಮಾಡಿದೆನೆಂಬ ಹೆಮ್ಮೆ ಬೇರೆ.

ಆ ಜಾಣತನ ನನ್ನನ್ನು ಹೇಗೆ ಮೋಸಗೊಳಿಸಿತೆಂದು ಕೇಳಿ. ಆಹಾರದಲ್ಲಿರುವ ಬಿ12 ರಕ್ತಕ್ಕೆ ಸೇರಬೇಕಾದರೆ ಜಠರದ ಆಮ್ಲ ಬೇಕು, ಜಠರದ ಗೋಡೆಯಲ್ಲಿಯೇ ತಯಾರಾಗುವ ಒಂದು ಪ್ರೋಟೀನೂ ಬೇಕು. ಜಠರದ ಬಹುಪಾಲನ್ನು ಕತ್ತರಿಸಿ ತೆಗೆದ ಮೇಲೆ ಇವೆರಡೂ ಕಡಿಮೆಯಾಗುತ್ತವೆ, ಅಂದರೆ ಮೊಟ್ಟೆ, ಮೀನು, ಮಾಂಸ ಎಲ್ಲವನ್ನೂ ತಿಂದರೂ ಸಾಲುವುದಿಲ್ಲ. ಆದರೆ ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಆಗುವಷ್ಟು ಬಿ12 ದಾಸ್ತಾನು ಇರುವುದರಿಂದ ಕೊರತೆ ಮರುದಿನವೇ ಕಾಣಿಸುವುದಿಲ್ಲ. ಇನ್ನು ಫೋಲಿಕ್ ಆಮ್ಲ ಮಾಡುವ ಕೆಲಸ ನೋಡಿ: ಬಿ12 ಕೊರತೆಯಿಂದ ಬರಬೇಕಾದ ರಕ್ತಹೀನತೆಯನ್ನು ಅದು ಸರಿಪಡಿಸಿಬಿಡುತ್ತದೆ, ಆದರೆ ನರಗಳ ಹಾನಿಯನ್ನು ತಡೆಯುವುದಿಲ್ಲ. 2019ರಲ್ಲಿ ಸುಸ್ತಾಗುತ್ತಿದೆಯೆಂದು ಇಲ್ಲಿಯೇ ಒಂದು ರಕ್ತಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 12.4 ಇತ್ತು. ಚೆನ್ನಾಗಿದೆ ಎಂದರು, ಬಿ12 ನೋಡಿ ಎಂದು ಅವರು ಹೇಳಲಿಲ್ಲ, ನನಗೆ ಹಿಂದೆ ಏನು ಮಾಡಿದ್ದಾರೆಂದು ನಾನೂ ಹೇಳಲಿಲ್ಲ. ಸುಸ್ತು ವಯಸ್ಸಿನದ್ದೆಂದುಕೊಂಡೆ, ನಾಲಿಗೆ ಉರಿಯುವುದು ಖಾರದ್ದೆಂದುಕೊಂಡೆ, ಮೆಟ್ಟಿಲಿಳಿಯುವಾಗ ಜೋಲಿ ಹೊಡೆಯುವುದು ಕನ್ನಡಕದ್ದೆಂದುಕೊಂಡೆ.

2020ರ ಫೆಬ್ರವರಿ ಕೊನೆಯ ಒಂದು ಭಾನುವಾರ ನಮ್ಮ ಕಣದಲ್ಲಿ ರೊಬಸ್ಟಾ ಒಣಗುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಸಿಮೆಂಟಿನ ಕಣ ಹೇಗೆ ಕಾಯುತ್ತದೆಂದು ತೋಟದವರಿಗೆಲ್ಲ ಗೊತ್ತು. ಕಾಫಿ ಎಳೆಯುತ್ತಿದ್ದ ಹೆಂಗಸರು ಚಪ್ಪಲಿ ಹಾಕಿಕೊಂಡೂ ಆಗಾಗ ನೆರಳಿಗೆ ಓಡುತ್ತಿದ್ದರು. ನಾನು ಅವರಿಗೆ ಕಾಫಿ ಲೋಟಗಳನ್ನು ಕೊಡಲು ಬರಿಗಾಲಿನಲ್ಲಿ ಕಣದ ನಡುವಿನವರೆಗೆ ಹೋಗಿ, ಅಲ್ಲಿಯೇ ನಿಂತು ಮಾತನಾಡಿ ಮರಳಿ ಬಂದೆ. ‘ಅಕ್ಕ, ನಿಮಗೆ ಕಾಲು ಸುಡುವುದಿಲ್ಲವಾ?’ ಎಂದು ಅವರಲ್ಲೊಬ್ಬಳು ಕೇಳಿದಳು. ಇಲ್ಲ ಎಂದೆ. ಸಂಜೆ ಕಾಲು ತೊಳೆಯುವಾಗ ಎರಡೂ ಹಿಮ್ಮಡಿಗಳಲ್ಲಿ, ಹೆಬ್ಬೆರಳುಗಳ ಕೆಳಗೆ, ಎಂಟಾಣೆ ಅಗಲದ ಬೊಬ್ಬೆಗಳು ಎದ್ದಿದ್ದವು. ಒತ್ತಿ ನೋಡಿದರೂ ನೋವಿಲ್ಲ.

ಮಡಿಕೇರಿಯಲ್ಲಿ ನೋಡಿದ ವೈದ್ಯರು ಶ್ರುತಿಕವೆಯನ್ನು ಮೇಜಿಗೆ ತಟ್ಟಿ ನನ್ನ ಕಾಲಿನ ಗಂಟಿನ ಮೇಲಿಟ್ಟು, ‘ಕಂಪನ ತಿಳಿಯುತ್ತಿದೆಯೇ?’ ಎಂದರು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳು ಕಿವಿಯ ಬಳಿ ಹಿಡಿದು ಆಡುವ ಅದೇ ಕವೆ. ಅದು ಗುಂಯ್‌ಗುಟ್ಟುವುದು ಕೇಳಿಸುತ್ತಿತ್ತು, ಮೂಳೆಗೆ ಏನೂ ತಿಳಿಯುತ್ತಿರಲಿಲ್ಲ. ಆಗ ಅವರು ಕೇಳಿದ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ: ‘ಹೊಟ್ಟೆಗೆ ಏನಾದರೂ ಆಪರೇಷನ್ ಆಗಿದೆಯೇ?’ ಬಿ12 ಕನಿಷ್ಠ 200 ಇರಬೇಕಾದಲ್ಲಿ 96 ಇತ್ತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು ಚುಚ್ಚುಮದ್ದು. ಮಾರ್ಚ್ ಕೊನೆಗೆ ದೇಶವೇ ಲಾಕ್‌ಡೌನ್ ಆದಾಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಹಾಕಿದರು. ಈಗಲೂ ತಿಂಗಳಿಗೊಂದು ತಪ್ಪಿಲ್ಲ. ನಡಿಗೆ ಸರಿಯಾಯಿತು, ನಾಲಿಗೆ ಸರಿಯಾಯಿತು. ಎಡಗಾಲಿನ ಎರಡು ಬೆರಳುಗಳಿಗೆ ಮಾತ್ರ ಇಂದಿಗೂ ಸ್ಪರ್ಶ ಮರಳಿಲ್ಲ, ಮಳೆಗಾಲದಲ್ಲಿ ಅಲ್ಲಿ ಗಾಯವಾಗಿದೆಯೇ ಎಂದು ದಿನವೂ ಕಣ್ಣಿನಿಂದಲೇ ನೋಡಿಕೊಳ್ಳಬೇಕು.

ಇಷ್ಟೆಲ್ಲ ಆದರೂ, ಶಸ್ತ್ರಚಿಕಿತ್ಸೆ ಬೇಡವೆಂದು ನಾನು ನಿಮಗೆ ಹೇಳುವುದಿಲ್ಲ. ಮಾಡಿಸಿಕೊಳ್ಳಿ ಎನ್ನುತ್ತೇನೆ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಲೆಕ್ಕ ಹಾಕಿದೆ, 39.7 ಬರುತ್ತದೆ. ಏಷ್ಯಾದವರಿಗೆ 27.5 ದಾಟಿದರೆ ಈ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದೆಂದು ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು 2022ರಲ್ಲಿ ಹೇಳಿವೆ. ನಿಮಗಂತೂ ಜೊತೆಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಅಡ್ಡದಾರಿ ಎನ್ನುವವರಿಗೆ ಕಣ್ಣಿನ ಪೊರೆ ತೆಗೆಸುವುದು ಅಡ್ಡದಾರಿಯೇ ಎಂದು ಕೇಳಿ. (ಆರೋಗ್ಯ ವಿಮೆಯಿದ್ದರೆ ಪಾಲಿಸಿಯನ್ನು ಈಗಲೇ ತೆಗೆದು ಓದಿ. ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆ ಇರಬೇಕೆಂಬ ನಿಯಮವಿದೆ, ಡಯಟ್ ಮಾಡಿ ಫಲ ಸಿಗಲಿಲ್ಲವೆಂಬ ದಾಖಲೆಯನ್ನೂ ಕೇಳುತ್ತಾರೆ. ನಿಮ್ಮ ಮೂರು ಸೋಲುಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ.)

ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ ಪದ ‘ಶಾಶ್ವತ’. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಯಾದವರ ತೂಕ ಎರಡು ವರ್ಷಗಳಲ್ಲಿ ಸರಾಸರಿ ಶೇಕಡಾ 23ರಷ್ಟು ಇಳಿದು, ಆಮೇಲೆ ಸ್ವಲ್ಪ ಏರಿ, 20 ವರ್ಷಗಳ ನಂತರ ಶೇಕಡಾ 18ರಷ್ಟು ಕಡಿಮೆ ಉಳಿದಿತ್ತು. ಸಾಮಾನ್ಯ ಚಿಕಿತ್ಸೆಯಲ್ಲಿದ್ದವರದು ಶೇಕಡಾ 1. ಅಂದಿನ ವಿಧಾನಗಳು ಇಂದಿನವುಗಳಂತಿರಲಿಲ್ಲ, ಆದರೂ ಅಂತರ ನೋಡಿ. ಆ ಮರಳಿ ಏರುವ ಪಾಲನ್ನು ನಾನೂ ಕೊಟ್ಟಿದ್ದೇನೆ. ಈಗ ನನ್ನ ತೂಕ 74 ಕಿಲೋ. ಎಂಟು ಕಿಲೋ ಬಂದದ್ದು ಕಡುಬಿನಿಂದಲ್ಲ, ಕಡುಬು ಆ ಕೊಳವೆಯಲ್ಲಿ ಹಿಡಿಯುವುದೇ ಇಲ್ಲ. ದಿನಕ್ಕೆ ಐದು ಲೋಟ ಬೆಲ್ಲದ ಕಾಫಿ ಮಾತ್ರ ಯಾವ ತಡೆಯೂ ಇಲ್ಲದೆ ಇಳಿದು ಹೋಗುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ನೀವು ಮಾಡಬೇಕಾದದ್ದು ಡಯಟ್ಟೇ: ದಿನಕ್ಕೆ 60 ಗ್ರಾಂಗೆ ಕಡಿಮೆಯಿಲ್ಲದ ಪ್ರೋಟೀನು, ಊಟದ ಜೊತೆ ನೀರಿಲ್ಲ, ಅಗಿದು ಅಗಿದು ನುಂಗುವುದು. ವ್ಯತ್ಯಾಸ ಇಷ್ಟೇ, ಈಗ ಹಸಿವು ನಿಮ್ಮ ಎದುರಿಗೆ ನಿಂತಿರುವುದಿಲ್ಲ. ಹಾಗಾಗಿ ಅದೋ ಇದೋ ಎಂದು ಆರಿಸಲು ಇಲ್ಲಿ ಎರಡು ವಸ್ತುಗಳೇ ಇಲ್ಲವೆಂದು ನನ್ನ ಅಭಿಪ್ರಾಯ. ತೂಕ ಇಳಿಸುವ ಇತ್ತೀಚಿನ ಚುಚ್ಚುಮದ್ದುಗಳ ಬಗ್ಗೆ ನೀವು ಕೇಳಿಲ್ಲ. ಅವುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಭಾಗ ಮರಳಿತೆಂದು ಅಧ್ಯಯನವೊಂದು ತೋರಿಸಿದೆ ಎಂಬುದಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ.

ಎದೆಯುರಿ, ಹುಳಿತೇಗು ಈಗಾಗಲೇ ಇದ್ದರೆ ಶಸ್ತ್ರವೈದ್ಯರಿಗೆ ಮೊದಲೇ ಹೇಳಿ. ಸ್ಲೀವ್ ಅದನ್ನು ಹೆಚ್ಚಿಸಬಹುದು, ಆಗ ಜಠರವನ್ನು ಚಿಕ್ಕದಾಗಿಸಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುವ ಬೈಪಾಸ್ ವಿಧಾನವನ್ನು ಯೋಚಿಸುತ್ತಾರೆ. ಮದುವೆ ಮನೆಯಲ್ಲಿ ಗ್ಲಾಸು ಹಿಡಿಯುವ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡಬೇಡಿ. ಈ ಹೊಟ್ಟೆಯಲ್ಲಿ ಮದ್ಯ ಬೇಗ ರಕ್ತಕ್ಕೇರುತ್ತದೆ, ಮನೆಯಲ್ಲಿ ಮಾಡಿದ ವೈನ್ ಕೂಡ.

ಕೊನೆಯದಾಗಿ, ನೀವು ಗಮನಿಸಿರಲಾರದ ಒಂದು ಸಂಗತಿ. ಮೆಟ್‌ಫಾರ್ಮಿನ್ ಕೂಡ ಬಿ12 ಅನ್ನು ಕಡಿಮೆ ಮಾಡುವ ಔಷಧಿ, ನೀವು ಅದನ್ನು ಐದು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೀರಿ. ಶಸ್ತ್ರಚಿಕಿತ್ಸೆಯ ನಿರ್ಧಾರ ಆಮೇಲೆ ಆಗಲಿ. ಈ ವಾರವೇ ಬಿ12 ಪರೀಕ್ಷೆ ಮಾಡಿಸಿ, ಫೋಲಿಕ್ ಆಮ್ಲವಿರುವ ಮಾತ್ರೆ ಏನಾದರೂ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ವರದಿಯಲ್ಲಿ ಎಷ್ಟು ಬಂದಿತೆಂದು ಇಲ್ಲಿಯೇ ಬರೆಯಿರಿ.