ಮಾದರಿ ಟ್ರ್ಯಾಕ್ಟರಿಗೆ ನಮ್ಮ ಹೊಲದ ಕಲ್ಟಿವೇಟರ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕೃಷಿ ಯಂತ್ರಗಳ ಸಣ್ಣ ಮಾದರಿಗಳನ್ನು ಕೂಡಿಡುವ, ಬಿಚ್ಚಿ ತಿದ್ದುವ ಓದುಗರ ಐದು ಪ್ರಶ್ನೆಗಳು ಈ ಸಲ.

ನನ್ನ ಕಡೆ 1:32 ಅಳತೀದು ಟ್ರ್ಯಾಕ್ಟರ್ ಐತ್ರಿ. ಅದರ ಹಿಂದ ಹಚ್ಚಾಕ ಒಂಬತ್ತು ತಾಳಿನ ಕಲ್ಟಿವೇಟರ್ ಎಲ್ಲೂ ಸಿಗವಲ್ದು. ಆಟಿಕಿ ಅಂಗಡ್ಯಾಗಿಂದು ಹಚ್ಚಿದ್ರ ಟ್ರ್ಯಾಕ್ಟರಿಗಿಂತ ಅದ ದೊಡ್ಡದು ಕಾಣತೈತಿ. ಮನ್ಯಾಗ ಮಾಡಾಕ ಬರತೈತೇನ್ರಿ?
– ರಾಣೆಬೆನ್ನೂರಿನ ಓದುಗರು

ಖಂಡಿತ ಬರುತ್ತದೆ. ಆದರೆ ಕತ್ತರಿ ಹಿಡಿಯುವ ಮೊದಲು ಟೇಪು ಹಿಡಿಯಿರಿ. ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಉಪಕರಣಗಳಿಗೆ ಹೆಚ್ಚಾಗಿ ಗೊತ್ತಾದ ಪ್ರಮಾಣವೇ ಇರುವುದಿಲ್ಲ. ಡಬ್ಬಿಗೆ ಹಿಡಿಸುವಷ್ಟು ಗಾತ್ರ, ಅಷ್ಟೇ. ಬ್ರಿಟನ್ಸ್ ಮತ್ತು ಸಿಕು ಕಂಪನಿಗಳ ಕೃಷಿ ಮಾದರಿಗಳು ಬಹುತೇಕ 1:32 (ನಿಜದ ಅಳತೆಯ 32ರಲ್ಲೊಂದು ಪಾಲು), ಬ್ರೂಡರ್‌ನವು 1:16. ಅಮೆರಿಕದ ಅರ್ಟ್ಲ್‌ನಲ್ಲಿ 1:16 ಮತ್ತು 1:64 ಹೆಚ್ಚು. 1:16ರ ಉಪಕರಣ ಉದ್ದ, ಅಗಲ, ಎತ್ತರ ಮೂರರಲ್ಲೂ ನಿಮ್ಮ ಟ್ರ್ಯಾಕ್ಟರಿನ ಇಮ್ಮಡಿ ಲೆಕ್ಕದ್ದು.

ನಿಜವಾದ ಕಲ್ಟಿವೇಟರನ್ನು ಮಿಲಿಮೀಟರಿನಲ್ಲಿ ಅಳೆದು 32ರಿಂದ ಭಾಗಿಸಿ. ಪಕ್ಕದ ಹೊಲದ್ದೇ ಸಾಕು. ಇಲ್ಲದಿದ್ದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳದಲ್ಲಿ ಹತ್ತಾರು ಬಗೆಯವು ಸಾಲಾಗಿ ನಿಂತಿರುತ್ತವೆ, ಅಳೆಯುತ್ತೇವೆಂದರೆ ಯಾರೂ ಬೇಡ ಎನ್ನುವುದಿಲ್ಲ. ನೆಲ ಸೀಳುವ ಒಂದು ತಾಳಿನಿಂದ ಇನ್ನೊಂದಕ್ಕೆ 9 ಇಂಚು, ಅಂದರೆ 228.6 ಮಿ.ಮೀ. ಇದ್ದರೆ ಮಾದರಿಯಲ್ಲಿ ಅದು 7.14 ಮಿ.ಮೀ. ಒಂಬತ್ತು ತಾಳಿಗೆ ಎಂಟು ಸಂದು. ಕೊನೆಯಿಂದ ಕೊನೆಗೆ 57.2 ಮಿ.ಮೀ. ತಾಳುಗಳು ಎರಡು ಸಾಲಿನಲ್ಲಿರುತ್ತವೆ, ಮುಂದೆ ನಾಲ್ಕು, ಹಿಂದೆ ಐದು. ಹಾಗಾಗಿ ಹಿಂದಿನ ಪಟ್ಟಿಯಲ್ಲಿ ಗುರುತು 0, 14.3, 28.6, 42.9, 57.2ಕ್ಕೆ, ಮುಂದಿನದರಲ್ಲಿ 7.1, 21.4, 35.7, 50ಕ್ಕೆ. ಎಲ್ಲವನ್ನೂ ಒಂದೇ ತುದಿಯಿಂದ ಅಳೆಯಿರಿ. ಒಂದು ಗುರುತಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋದರೆ ಪ್ರತಿ ಸಲದ 0.3 ಮಿ.ಮೀ. ತಪ್ಪು ಕೂಡಿಕೊಂಡು ಎಂಟನೇ ಸಂದಿಗೆ 2.4 ಮಿ.ಮೀ. ಆಗುತ್ತದೆ, ಕೊನೆಯ ತಾಳು ಚೌಕಟ್ಟಿನ ಹೊರಗೆ ಹೋಗಿರುತ್ತದೆ.

ಚೌಕಟ್ಟಿಗೆ ಎಣ್ಣೆ ಡಬ್ಬಿಯ ತಗಡು ಸಾಕು. 4 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಉಕ್ಕಿನ ಸ್ಕೇಲಿನ ಅಂಚಿಗೆ ಒತ್ತಿ ನಡುವೆ ಮಡಿಸಿದರೆ 2 ಮಿ.ಮೀ. ಆ್ಯಂಗಲ್ ಆಗುತ್ತದೆ, ನಿಜದಲ್ಲಿ 65 ಮಿ.ಮೀ. ಆ್ಯಂಗಲ್ಲಿಗೆ ಸರಿಸುಮಾರು ಹೊಂದುವ ಅಳತೆ. ತಾಳಿಗೆ ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿ ಬೇಕು: 22 ಗೇಜ್, ದಪ್ಪ 0.71 ಮಿ.ಮೀ. ಅದರ ಮೇಲಿನ ವಾರ್ನಿಷ್ ಲೇಪವನ್ನು ಮರಳು ಕಾಗದದಿಂದ ಪೂರ್ತಿ ಕೆರೆಯದಿದ್ದರೆ ಬೆಸುಗೆ ಹಿಡಿಯುವುದೇ ಇಲ್ಲ. ಸ್ಪ್ರಿಂಗಿಗೆ 32 ಗೇಜ್ ತಂತಿಯನ್ನು 18 ಗೇಜ್ ತಂತಿಯ ಮೇಲೆ ಒತ್ತಾಗಿ ಸುತ್ತಿ ಜಾರಿಸಿ ತೆಗೆಯಿರಿ. ತಾಳಿಗೆರಡರಂತೆ ಹದಿನೆಂಟು ಬೇಕು. ಬೇಸರದ ಕೆಲಸವೇ, ಆದರೆ ಸ್ಪ್ರಿಂಗ್ ಬಿಟ್ಟರೆ ಅದು ಕಲ್ಟಿವೇಟರ್ ಅಲ್ಲ, ತಲೆ ಬಾಚುವ ಹಣಿಗೆ.

ಬೆಸುಗೆಗೆ 25 ವ್ಯಾಟ್ ಐರನ್, 60/40 ತವರ-ಸೀಸದ ಸೋಲ್ಡರ್, ರಾಳದ ಫ್ಲಕ್ಸ್. ಒಂದು ತಾಳು ಹಚ್ಚುವಾಗ ಪಕ್ಕದ್ದು ಬಿಚ್ಚಿಕೊಳ್ಳುತ್ತದೆ. ಅದರ ಬುಡಕ್ಕೆ ಒದ್ದೆ ಹತ್ತಿ ಸುತ್ತಿ, ಒಂದು ಬಿಟ್ಟು ಒಂದು ತಾಳು ಹಚ್ಚಿ.

ಜೋಡಣೆಯಲ್ಲಿ ಎಡವುವವರೇ ಹೆಚ್ಚು. ಉಪಕರಣ ಹಿಡಿಯುವ ಟ್ರ್ಯಾಕ್ಟರಿನ ಹಿಂದಿನ ತೋಳುಗಳಿಗೆ (ಲಿಂಕೇಜ್) ಗಾತ್ರದ ಲೆಕ್ಕದಲ್ಲಿ ಕೆಟಗರಿಗಳಿವೆ. ಕೆಟಗರಿ 1ರಲ್ಲಿ ಕೆಳಗಿನ ಎರಡು ತೋಳುಗಳ ನಡುವೆ 683 ಮಿ.ಮೀ., ಕೆಟಗರಿ 2ರಲ್ಲಿ 825. ಮಾದರಿಯಲ್ಲಿ ಕ್ರಮವಾಗಿ 21.3 ಮತ್ತು 25.8. ವಿದೇಶಿ ಮಾದರಿಗಳು ಈ ಲೆಕ್ಕವನ್ನು ಪಾಲಿಸುವುದು ಕಡಿಮೆ, ಒಂದೊಂದು ಕಂಪನಿಯ ಕೊಕ್ಕೆ ಒಂದೊಂದು ಥರ. ನಿಮ್ಮ ಟ್ರ್ಯಾಕ್ಟರಿನ ತೋಳನ್ನು ಅಳೆದ ಮೇಲೆಯೇ ಪಿನ್ ಹಚ್ಚಿ. ಕೊನೆಗೆ ಕಲ್ಟಿವೇಟರಿನ ಭಾರಕ್ಕೆ ಮೂತಿ ಮೇಲೆದ್ದರೆ ಬಾನೆಟ್ಟಿನೊಳಗೆ ಸೀಸದ ಚೂರು ತುಂಬಬಹುದು. ಗಾಲಿ ಬ್ಯಾಲೆನ್ಸ್ ಮಾಡುವ ಹಳೆಯ ಸೀಸದ ತುಂಡು ಟಯರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಎಪಾಕ್ಸಿಯಿಂದ ಕೂಡಿಸಿ. ಬಿಳಿ ಫೆವಿಕಾಲ್ ಬೇಡವೇ ಬೇಡ: ಅದರ ಜತೆ ಸೀಸ ನಿಧಾನವಾಗಿ ಕಾರ್ಬೊನೇಟ್ ಆಗಿ ಉಬ್ಬಿ ಬಾನೆಟ್ಟನ್ನೇ ಸೀಳುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ವಿದೇಶಿ ಮಾದರಿಯನ್ನು ನಮ್ಮ ಕಡೆಯ ಟ್ರ್ಯಾಕ್ಟರ್ ಆಗಿ ಬದಲಿಸಬೇಕೆಂದಿದ್ದೇನೆ. ಯಾವುದನ್ನು ಕೊಳ್ಳಲಿ?
– ಹುಬ್ಬಳ್ಳಿಯ ಓದುಗರು

ನಮ್ಮ ಹಳೆಯ ಟ್ರ್ಯಾಕ್ಟರುಗಳಿಗೆ ಹೊರದೇಶದ ನೆಂಟಸ್ತಿಕೆ ಇದೆ, ಅದನ್ನು ಹಿಡಿದು ಹುಡುಕಿ. 1960ರಲ್ಲಿ ಶುರುವಾದ ಚೆನ್ನೈನ ಟಾಫೆ ಕಂಪನಿ ಹೊರದೇಶದ ಮ್ಯಾಸಿ ಫರ್ಗ್ಯುಸನ್ (ಎಂಎಫ್) ಜತೆಗಿತ್ತು. ಟಾಫೆಯ 1035 ಟ್ರ್ಯಾಕ್ಟರಿನ ಬೇರು ಎಂಎಫ್ 35ರಲ್ಲಿದೆ. ಆದ್ದರಿಂದ 35 ಅಥವಾ 135ರ ಮಾದರಿ ಸಿಕ್ಕರೆ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಬಹುಮಟ್ಟಿಗೆ ಒದಗುತ್ತವೆ. ಬಾನೆಟ್, ಗ್ರಿಲ್, ಮಡ್‌ಗಾರ್ಡ್ ತಿದ್ದಬೇಕು. ಮಹೀಂದ್ರಾದ ಹಳೆಯ ಬಿ-275 ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ದು, ಆ ಜಂಟಿ ಕಂಪನಿ 1963ರದು. ಎಚ್‌ಎಂಟಿಗೆ ಚೆಕ್ ದೇಶದ ಜೆಟರ್ ನೋಡಿ. ಎಸ್ಕಾರ್ಟ್ಸ್‌ನ ಫೋರ್ಡ್ 3600ಕ್ಕೆಂದು ಬ್ರಿಟನ್ಸ್‌ನ ಫೋರ್ಡ್ 5000 ಕೊಳ್ಳಬೇಡಿ: 5000 ನಾಲ್ಕು ಸಿಲಿಂಡರಿನದು, 3600 ಮೂರರದು. ಬಾನೆಟ್ಟಿನ ಉದ್ದವೇ ಬೇರೆ, ನೀಲಿ ಬಣ್ಣ ಅದನ್ನು ಮುಚ್ಚಿಡಲಾರದು. ಸ್ವರಾಜ್‌ಗೆ ಈ ದಾರಿ ಇಲ್ಲ. ದುರ್ಗಾಪುರದ ಸಂಶೋಧನಾಲಯದ ವಿನ್ಯಾಸದಿಂದ 1974ರಲ್ಲಿ ಬಂದ ಟ್ರ್ಯಾಕ್ಟರ್ ಅದು, ಮೂಲದಿಂದಲೇ ಕಟ್ಟಬೇಕು.

ಯಾವುದನ್ನೇ ತಂದರೂ ಮೊದಲು ಟಯರ್ ನೋಡಿ. ನಮ್ಮಲ್ಲಿ ಸಾಮಾನ್ಯವಾದ 13.6-28 ಹಿಂದಿನ ಟಯರಿನ ಎತ್ತರ ಸುಮಾರು 1.31 ಮೀಟರ್, ಮಾದರಿಯಲ್ಲಿ 41 ಮಿ.ಮೀ. ಮುಂದಿನ 6.00-16ಕ್ಕೆ 23 ಮಿ.ಮೀ. ಇದು ತಪ್ಪಿದರೆ ಬಣ್ಣ, ಸ್ಟಿಕ್ಕರ್ ಎಷ್ಟೇ ಚೆನ್ನಾಗಿದ್ದರೂ ನಮ್ಮೂರ ಗಾಡಿ ಅನಿಸುವುದಿಲ್ಲ. ಹಿಂದೆ ನಿಂತು ನೋಡಿದಾಗ ಟಯರ್ ಹಲ್ಲುಗಳ ಬಾಣದ ಮೊನೆ ಮೇಲಕ್ಕಿರಬೇಕು. ಗಾಲಿ ಬಿಚ್ಚಿ ಹಾಕುವಾಗ ಎಡಬಲ ಅದಲುಬದಲಾಗುವುದು ತೀರಾ ಸಾಮಾನ್ಯ.

ಕೊಳ್ಳುವಾಗ ಇನ್ನೊಂದು ಮಾತು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹೊರಗಿನಿಂದ ತರಿಸುವ ಮೊದಲು ಚಾಲ್ತಿಯ ದರ ನೋಡಿ. ತಿದ್ದಲು ಡಬ್ಬಿ ಇಲ್ಲದ, ಸ್ಟೀರಿಂಗ್ ಮುರಿದ ಅಗ್ಗದ ಮಾದರಿಯೇ ಸರಿ. ಡಬ್ಬಿಯೊಂದಿಗೆ ಇರುವ ಹಳೆಯ ಬ್ರಿಟನ್ಸ್‌ಗೆ ಗರಗಸ ಹಚ್ಚಿದರೆ ಬೆಲೆ ಅಲ್ಲೇ ಬಿತ್ತು.

ಮಾದರಿಯನ್ನು ಬಿಚ್ಚಿ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬಣ್ಣದ ಜತೆ ಲೋಹವೂ ತಿಂದುಹೋಗಿ ಒರಟಾಗಿದೆ. ಮುಂದೇನು?
– ಗದಗದ ಓದುಗರು

ಈ ಮಾದರಿಗಳ ಲೋಹ ಕಬ್ಬಿಣವಲ್ಲ, ಸತು-ಅಲ್ಯೂಮಿನಿಯಂ ಮಿಶ್ರಲೋಹ. ಕಾಸ್ಟಿಕ್ ಎರಡನ್ನೂ ಕರಗಿಸುತ್ತದೆ, ವಿನೆಗರ್ ಕೂಡ ಸತುವನ್ನು ತಿನ್ನುತ್ತದೆ. ಆಟೊ ಪೇಂಟ್ ಅಂಗಡಿಯ ಪೇಂಟ್ ರಿಮೂವರನ್ನು ಬ್ರಷ್ಷಿನಿಂದ ಹಚ್ಚಿ, ಬಣ್ಣ ಉಬ್ಬಿದೊಡನೆ ತೊಳೆದುಬಿಡಬೇಕು. ಕೈಗವಸು ಹಾಕಿ, ಅಂಗಳದಲ್ಲಿ ಮಾಡಿ. ಪ್ಲಾಸ್ಟಿಕ್ ಭಾಗಗಳಿಗೆ ರಿಮೂವರ್, ತಿನ್ನರ್ ಎರಡೂ ಸೋಕಬಾರದು.

ಒರಟಾದ ಮೈಯನ್ನು 400, ಆಮೇಲೆ 800 ನಂಬರಿನ ಮರಳು ಕಾಗದವನ್ನು (ವಾಟರ್ ಪೇಪರ್) ಒದ್ದೆ ಮಾಡಿ ಉಜ್ಜಿ. ಉಳಿದ ಗುಳಿಗೆ ಕಾರಿನ ಪುಟ್ಟಿ ತೆಳ್ಳಗೆ ಎಳೆಯಿರಿ. ಸತುವಿನ ಮೇಲೆ ಮಾಮೂಲಿ ಪ್ರೈಮರ್ ಸಿಪ್ಪೆಯಂತೆ ಏಳುತ್ತದೆ, ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಕೇಳಿ ತನ್ನಿ. ಎನಾಮೆಲ್ ಬಣ್ಣದ ಮೇಲೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಹೊಡೆದರೆ ಸುಕ್ಕುಗಟ್ಟುತ್ತದೆ. ಮಳೆಗಾಲದ ತಂಪಿನಲ್ಲಿ ಎನ್‌ಸಿ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ. ತಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುವುದೇ ಕಾರಣ. ಬಿಸಿಲು ಬಿದ್ದ ಮಧ್ಯಾಹ್ನಕ್ಕೆ ಕಾಯಿರಿ.

ಮುಂದಿನ ಸಲ ಮಾದರಿಯ ಭಾಗಗಳನ್ನು ಹಿಡಿದಿಟ್ಟ ರಿವೆಟ್ ಬಿಚ್ಚುವಾಗ ಅದರ ತಲೆಯಷ್ಟನ್ನೇ 3.5 ಮಿ.ಮೀ. ಡ್ರಿಲ್ ಬಿಟ್ಟಿನಿಂದ ತೆಗೆಯಿರಿ. ಆಳಕ್ಕಿಳಿದರೆ ಕಂಬವೇ ಮುರಿಯುತ್ತದೆ. ಕಂಬದ ನಡುವೆ 1.6 ಮಿ.ಮೀ. ತೂತು, ಸ್ಕ್ರೂ ಎಳೆ ಕೊರೆಯುವ ಎಂ2 ಟ್ಯಾಪ್, 6 ಮಿ.ಮೀ. ಸ್ಕ್ರೂ. ಸತುವಿನ ಪುಡಿ ಟ್ಯಾಪಿಗೆ ಅಂಟಿ ಬಿಗಿಯುತ್ತದೆ. ಒಂದು ಹನಿ ಸೀಮೆಎಣ್ಣೆ ಹಾಕಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ.

ಕಪಾಟಿನ ಹಳೆಯ ಮಾದರಿಯೊಂದು ತಾನಾಗಿಯೇ ಬಿರುಕು ಬಿಟ್ಟು ಉಬ್ಬಿದೆ. ಉಳಿದವಕ್ಕೂ ಹರಡುತ್ತದೆಯೇ?
– ಧಾರವಾಡದ ಓದುಗರು

ಹರಡುವುದಿಲ್ಲ. ಎರಕ ಹೊಯ್ಯುವಾಗಲೇ ಸತುವಿನಲ್ಲಿ ಸೇರಿಕೊಂಡ ಸೀಸದ ಕಲ್ಮಶ ಲೋಹವನ್ನು ಒಳಗಿನಿಂದ ಒಡೆಯುತ್ತಿದೆ, ತೇವ ಅದನ್ನು ಚುರುಕು ಮಾಡುತ್ತದೆ. ಮದ್ದಿಲ್ಲ, ಅಂಟು ಹಾಕಿ ಪ್ರಯೋಜನವಿಲ್ಲ. ಟಯರ್, ಸ್ಟೀರಿಂಗ್ ಬಿಚ್ಚಿಟ್ಟುಕೊಳ್ಳಿ. ನಿಮ್ಮ ಕಪಾಟಿನಲ್ಲಿ ನಿಜವಾಗಿ ಹರಡುವುದು ಬೇರೆ: ಮೆತ್ತನೆಯ ಪಿವಿಸಿ ಟಯರುಗಳಿಂದ ಜಿನುಗುವ ಎಣ್ಣೆಯಂಥ ಪದಾರ್ಥ ಗಡಸು ಪ್ಲಾಸ್ಟಿಕ್ಕಿನ ತಟ್ಟೆಯನ್ನು, ರಿಮ್ಮನ್ನು ಕರಗಿಸುತ್ತದೆ. ಟಯರಿನ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ತುಂಡು ಇಡಿ.

ಎರಿ ಹೊಲದಾಗ ಬಂದ ಟ್ರ್ಯಾಕ್ಟರಿನಂಗ ಮಣ್ಣು ಮೆತ್ತಬೇಕು. ಹೊಲದ ಮಣ್ಣನ್ನ ಹಚ್ಚಿದ್ರ ಒಡದ ಉದರತೈತಿ.
– ಹಾವೇರಿಯ ಓದುಗರು

ಎರೆಮಣ್ಣಿನ ಗುಣವೇ ಅದು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಸೀಳುತ್ತದೆ, ಹೊಲದಲ್ಲಿ ಬೇಸಿಗೆಗೆ ಬಾಯಿ ಬಿಡುವ ಹಾಗೆಯೇ. ನಿಜವಾದ ಮಣ್ಣನ್ನು ದಪ್ಪಗೆ ಹಚ್ಚಬೇಡಿ. ಅದನ್ನು ತವೆಯ ಮೇಲೆ ಹುರಿದು, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ, ಬಣ್ಣಕ್ಕಾಗಿ ಮಾತ್ರ ಬಳಸಿ. ಹೆಂಟೆಯ ದಪ್ಪಕ್ಕೆ ಮರದ ಸಣ್ಣ ಹೊಟ್ಟನ್ನು ಮ್ಯಾಟ್ ವಾರ್ನಿಷ್‌ನಲ್ಲಿ ಕಲಸಿ ಟಯರ್ ಹಲ್ಲಿನ ಸಂದಿಗೆ, ಮಡ್‌ಗಾರ್ಡಿನ ಒಳಮೈಗೆ ಮೆತ್ತಿ. ಅದು ಹಸಿ ಇರುವಾಗಲೇ ಸೋಸಿದ ಪುಡಿ ಉದುರಿಸಿ, ಆರಿದ ಮೇಲೆ ಊದಿ ಹೆಚ್ಚಿನದನ್ನು ಹಾರಿಸಿ.

ಬಣ್ಣದಲ್ಲೂ ಎಚ್ಚರ ಬೇಕು. ಒಣಗಿದ ಎರೆಮಣ್ಣು ಬೂದು, ಹಸಿಯದು ಮಾತ್ರ ಕಪ್ಪು. ಬಾನೆಟ್ ಮೇಲೆ ಬೂದು ಧೂಳು, ಟಯರಿನ ಕೆಳಭಾಗದಲ್ಲಷ್ಟೇ ಕಪ್ಪು. ಕಲ್ಟಿವೇಟರಿನ ತಾಳಿನ ತುದಿಗೆ ಮಣ್ಣು ಹಚ್ಚಲೇಬೇಡಿ: ನೆಲ ಸೀಳಿ ಸೀಳಿ ಅದು ಬೆಳ್ಳಗೆ ಮಿಂಚುತ್ತಿರುತ್ತದೆ. 6ಬಿ ಪೆನ್ಸಿಲ್ಲಿನ ಗ್ರಾಫೈಟನ್ನು ಬೆರಳಿನಿಂದ ಉಜ್ಜಿದರೆ ಆ ಮಿಂಚು ಬರುತ್ತದೆ.