ಮಂತ್ರ ಬಿಟ್ಟು ಲೇಪ ಮಾತ್ರ ಹಚ್ಚಿಸಿದರೆ ಪಾಪವೇ?

"ಅತ್ತೆಗೆ ಸರ್ಪಸುತ್ತು ಆಗಿದೆ, ನಾವು ಕ್ರೈಸ್ತರು, ಮಂತ್ರ ಬೇಡ ಅಂತ ಹೇಳಿ ಲೇಪ ಮಾತ್ರ ಹಚ್ಚಿಸಬಹುದೇ" ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ಈ ಮಾತು ಆಡಿದವನು ನಾನೇ. ಅಮ್ಮನಿಗೆ ಹಣೆಯ ಬಲಗಡೆ ಎರಡು ದಿನ ಉರಿ, ಮೂರನೇ ದಿನ ಬೆಳಿಗ್ಗೆ ಹುಬ್ಬಿನ ಮೇಲೆ ಗೊಂಚಲು ಗೊಂಚಲು ನೀರುಗುಳ್ಳೆ. ಮಂಗಳೂರು ಕಡೆಯ ಕಥೋಲಿಕರು ನಾವು. ಪಕ್ಕದ ಮನೆಯವರು ನೋಡಿದ ಕೂಡಲೇ, ಗುಳ್ಳೆಯ ಸಾಲು ಮೈ ಸುತ್ತಿ ತಲೆ ಬಾಲ ಸೇರುವ ಮೊದಲು ಮಂತ್ರಿಸಿಬಿಡಿ ಅಂದರು. ಅಮ್ಮ ಗಾಬರಿಯಾದರು. ಮಂತ್ರ ಬೇಡ, ಕೆಮ್ಮಣ್ಣು ಮಾತ್ರ ಹಚ್ಚಿ ಅಂತ ನಾನು ಹೇಳಿದೆ, ನಾಟಿ ವೈದ್ಯರು ಒಪ್ಪಿಕೊಂಡರು. ಮೂರು ದಿನ ಹಚ್ಚಿದರು. ಅಮ್ಮ ಜಪಸರ ಹಿಡಿದು ಕೂತಿರುತ್ತಿದ್ದರು.

ತಪ್ಪು ನಡೆದದ್ದು ಆ ಮೂರು ದಿನಗಳಲ್ಲಿ. ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಇದೆಯಲ್ಲ, ಅದರ ವೈರಸ್ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗ, ಮೈಯ ಶಕ್ತಿ ಕುಗ್ಗಿದಾಗ ಒಂದು ನರದ ಗುಂಟ ಹೊರಬರುತ್ತದೆ. ಅದೇ ಸರ್ಪಸುತ್ತು. ಅದಕ್ಕೆ ಮಾತ್ರೆ ಉಂಟು, ಆದರೆ ಮೊದಲ ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಫಲ ಚೆನ್ನಾಗಿ ಸಿಗುತ್ತದೆ. ಮೂರೇ ದಿನ. ನಾನು ಆ ಮೂರೂ ದಿನವನ್ನು ಮಂತ್ರ ಇದ್ದರೆ ಪಾಪ, ಇಲ್ಲದಿದ್ದರೆ ಪಾಪವಲ್ಲ ಎಂಬ ಲೆಕ್ಕದಲ್ಲಿ ಕಳೆದೆ. ಮಂತ್ರ ತೆಗೆದುಬಿಟ್ಟರೆ ಲೇಪ ಶುದ್ಧವಾಯಿತು, ಶುದ್ಧವಾದದ್ದು ಔಷಧಿಯೂ ಆಯಿತು ಅಂದುಕೊಂಡೆ. ಎರಡನೆಯದು ಮೊದಲನೆಯದರಿಂದ ಹುಟ್ಟುವುದಿಲ್ಲ ಅಂತ ಹೊಳೆಯಲಿಲ್ಲ.

ಇನ್ನೊಂದು ಹಾನಿ ಲೇಪದಿಂದಲೇ ಆಯಿತು. ಹಣೆಯಿಂದ ಮೂಗಿನವರೆಗೆ ಕೆಮ್ಮಣ್ಣು ಒಣಗಿ ಕೂತಿತ್ತು. ಅದರಡಿ ಮೂಗಿನ ತುದಿಯಲ್ಲೂ ಗುಳ್ಳೆ ಎದ್ದದ್ದು ಯಾರಿಗೂ ಕಾಣಲಿಲ್ಲ. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು, ಹಾಗಾಗಿ ಅಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯ ಇದೆ ಅಂತ ವೈದ್ಯರು ತಿಳಿಯುತ್ತಾರೆ. ಲೇಪ ಹಚ್ಚಿದ ನಾಲ್ಕನೇ ದಿನ ಕಣ್ಣು ಕೆಂಪಾಗಿ ಬೆಳಕು ನೋಡಲಾಗದೆ ನೀರು ಸುರಿಯತೊಡಗಿದಾಗ ಆಸ್ಪತ್ರೆಗೆ ಓಡಿದೆವು. ಪ್ರಾಣಕ್ಕೇನೂ ಆಗಲಿಲ್ಲ. ಆದರೆ ಕಣ್ಣಿನ ಕರಿಗುಡ್ಡೆಯ ಮೇಲೆ ಕಲೆ ಉಳಿಯಿತು, ಹಣೆಯ ಉರಿ ಐದು ತಿಂಗಳು ಹೋಗಲಿಲ್ಲ. ಬಾಚಣಿಗೆ ಸೋಕಿದರೂ ಅಮ್ಮ ಅಳುತ್ತಿದ್ದರು.

ಲೇಪದಿಂದ ವಾಸಿಯಾದವರನ್ನು ನಿಮ್ಮ ಊರಿನವರು ಸಾಲಾಗಿ ತೋರಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗುಳ್ಳೆಗಳು ತಾವಾಗಿ 7ರಿಂದ 10 ದಿನಗಳಲ್ಲಿ ಹಕ್ಕಳೆ ಕಟ್ಟುತ್ತವೆ, 2ರಿಂದ 4 ವಾರಗಳಲ್ಲಿ ಚರ್ಮ ಮಾಗುತ್ತದೆ. ಲೇಪ ಹಚ್ಚಿದರೂ ಅಷ್ಟೇ, ಹಚ್ಚದಿದ್ದರೂ ಅಷ್ಟೇ. ತಲೆ ಬಾಲ ಸೇರುವ ಭಯವೂ ಬೇಡ. ಒಂದು ಬದಿಯ ನರ ಮೈಯ ನಡುಗೆರೆಗೆ ನಿಲ್ಲುವುದರಿಂದ ಇದು ಸಾಮಾನ್ಯವಾಗಿ ಸುತ್ತು ಬರುವುದೇ ಇಲ್ಲ. ಅತ್ತೆಗೆ ಇದನ್ನು ಕೂತು ಬಿಡಿಸಿ ಹೇಳಿ, ಅವರಿಗೆ ಮಾತ್ರೆಯಷ್ಟೇ ಇದೂ ಬೇಕು.

ಇನ್ನು ನಿಮ್ಮ ಪಾಪದ ಪ್ರಶ್ನೆ. ಅದನ್ನು ನೀವು ಕೇಳಿದ ರೀತಿಯೇ ಸರಿಯಿಲ್ಲ ಅನ್ನುತ್ತೇನೆ. ಸೊಪ್ಪು, ಬೇರು, ಮಣ್ಣು ಯಾವ ಧರ್ಮದ್ದೂ ಅಲ್ಲ. ಬೈಬಲಿನಲ್ಲಿ ಹಿಜ್ಕೀಯ ಅರಸನ ಹುಣ್ಣಿಗೆ ಅಂಜೂರದ ಉಂಡೆ ಇಡಿಸಿದ್ದು ಪ್ರವಾದಿಯೇ (ಯೆಶಾಯ 38:21). ಭೂಮಿಯಿಂದ ಔಷಧ ಹುಟ್ಟಿಸಿದವನು ದೇವರು, ಬುದ್ಧಿವಂತ ಅದನ್ನು ತಾತ್ಸಾರ ಮಾಡುವುದಿಲ್ಲ ಅಂತ ನಮ್ಮ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಅಹಜ್ಯ ಅರಸ ಹಾಳಾದದ್ದು ಮದ್ದಿಗಲ್ಲ, ಬದುಕುತ್ತೇನೋ ಇಲ್ಲವೋ ಅಂತ ಎಕ್ರೋನಿನ ದೇವರನ್ನು ಕೇಳಲು ಆಳು ಕಳಿಸಿದ್ದಕ್ಕೆ (2 ಅರಸುಗಳು, 1ನೇ ಅಧ್ಯಾಯ). ನಮ್ಮ ಧರ್ಮಸಭೆಯ ಧರ್ಮೋಪದೇಶದ 2117ನೇ ಕಂಡಿಕೆಯೂ ಇದನ್ನೇ ಹೇಳುತ್ತದೆ: ಆರೋಗ್ಯಕ್ಕಾಗಿಯೇ ಆದರೂ ಮಾಟ ಕೂಡದು, ತಾಯತ ಕಟ್ಟುವುದೂ ತಪ್ಪು.

ಆದರೆ ಲೇಪ ಒಂಟಿಯಾಗಿ ಬರುವುದಿಲ್ಲ. ನಮಗೆ ಲೇಪ ಹಚ್ಚಿದ ಮೂರನೇ ದಿನ ನಾಟಿ ವೈದ್ಯರು, ಇದು ನಾಗನ ಮುನಿಸು, ಗುಣವಾಗದಿದ್ದರೆ ತಂಬಿಲ (ನಾಗನಿಗೆ ಸಲ್ಲಿಸುವ ಪೂಜೆ) ಹೇಳಿಕೊಳ್ಳಿ ಅಂದರು. ಅವರ ನಂಬಿಕೆ ಅವರದು, ಅದನ್ನು ಹೀಗಳೆಯುವುದಿಲ್ಲ. ಆದರೆ ಅಮ್ಮ ಆ ರಾತ್ರಿ ಒಪ್ಪಿಕೊಳ್ಳುವ ಹಂತಕ್ಕೆ ಬಂದಿದ್ದರು. ನೋವು ಏರಿದಷ್ಟೂ "ಮಂತ್ರ ಇಲ್ಲದ್ದಕ್ಕೇ ಗುಣವಾಗಲಿಲ್ಲವೇನೋ" ಎಂಬ ಯೋಚನೆ ಬಂದೇ ಬರುತ್ತದೆ.

ನೀವು ಇವತ್ತೇ ಮಾಡಬೇಕಾದ್ದು: ಮೊದಲ ಗುಳ್ಳೆ ಯಾವಾಗ ಎದ್ದಿತು ಅಂತ ದಿನ, ಹೊತ್ತು ಬರೆದಿಟ್ಟುಕೊಂಡು ವೈದ್ಯರಿಗೆ ಮೊದಲು ಅದನ್ನೇ ಹೇಳಿ. ಸಾಮಾನ್ಯವಾಗಿ ಅಸೈಕ್ಲೊವಿರ್ 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ, ಅದನ್ನು ಮರೆಯದೆ ತಿಳಿಸಿ. ನೀರು ಚೆನ್ನಾಗಿ ಕುಡಿಸಿ. ಮಧ್ಯಾಹ್ನದ ಸರದಿ ತಪ್ಪುವುದೇ ಹೆಚ್ಚು, ಮೊಬೈಲಿನಲ್ಲಿ ಅಲಾರಂ ಇಡಿ. 72 ಗಂಟೆ ದಾಟಿದ್ದರೂ ಹೋಗಿ. ಹೊಸ ಗುಳ್ಳೆ ಏಳುತ್ತಿದ್ದರೆ, ಕಣ್ಣಿನ ಹತ್ತಿರ ಇದ್ದರೆ ಆಗಲೂ ಮಾತ್ರೆ ಕೊಡುತ್ತಾರೆ. ಹಣೆ, ರೆಪ್ಪೆ, ಮೂಗಿನಲ್ಲಿ ಇದ್ದರೆ ಅವತ್ತೇ ಕಣ್ಣಿನ ವೈದ್ಯರಿಗೂ ತೋರಿಸಿ. ಗುಳ್ಳೆ ಒಣಗುವ ತನಕ ಗರ್ಭಿಣಿಯರು, ಹಸುಗೂಸುಗಳು ಹತ್ತಿರ ಬಾರದಿರಲಿ, ಗುಳ್ಳೆಯ ನೀರಿನಿಂದ ಅವರಿಗೆ ಚಿಕನ್‌ಪಾಕ್ಸ್ ತಗಲಬಹುದು. ಲೇಪ ಈಗಾಗಲೇ ಹಚ್ಚಿದ್ದರೆ ಉಗುರಿನಿಂದ ಕೆರೆಯಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ತೆಗೆಯಿರಿ. ಹಚ್ಚಿದ್ದೆವು ಅಂತ ವೈದ್ಯರ ಹತ್ತಿರ ಮುಚ್ಚಿಡಬೇಡಿ.

ಪ್ರಾರ್ಥನೆ ಬಿಡಿ ಅನ್ನುತ್ತಿಲ್ಲ. ಫಾದರ್‌ಗೆ ಹೇಳಿದರೆ ಮನೆಗೇ ಬಂದು ಪ್ರಾರ್ಥಿಸುತ್ತಾರೆ. ಮೊದಲ ಮಾತ್ರೆ ನುಂಗಿಸಿಯೇ ಅವರಿಗೆ ಫೋನ್ ಮಾಡಿ.